ಸಹಾಯ ಬೇಕು: ಒಸಾಕಾದಲ್ಲಿ ಯಾಕಿನಿಕು, ದನದ ಮಾಂಸ ಬಿಟ್ಟು ಏನು ತಿನ್ನಬಹುದು?

ಎಲ್ಲರಿಗೂ ನಮಸ್ಕಾರ. ಆಫೀಸ್ ಕೆಲಸದ ಮೇಲೆ ಜಪಾನ್‌ನ ಒಸಾಕಾಗೆ ಬಂದಿದ್ದೀನಿ. ಇಲ್ಲಿನ ಸಹೋದ್ಯೋಗಿಯೊಬ್ಬರು ಶುಕ್ರವಾರ ರಾತ್ರಿ ಇಲ್ಲಿನ ತ್ಸುರುಹಾಶಿ ಅನ್ನೋ ಏರಿಯಾಗೆ ಯಾಕಿನಿಕು (ಟೇಬಲ್‌ನಲ್ಲೇ ನಾವೇ ಮಾಂಸ ಸುಟ್ಟು ತಿನ್ನೋ ಊಟ) ತಿನ್ನೋಕೆ ಕರೆದಿದ್ದಾರೆ. ತುಂಬಾ ಪ್ರೀತಿಯಿಂದ ಕರೆದಿದ್ದಾರೆ, ಇಲ್ಲ ಅನ್ನೋಕೆ ಮನಸ್ಸಿಲ್ಲ. ನಿನ್ನೆ ಸಂಜೆ ಆ ಕಡೆ ಸುಮ್ಮನೆ ಒಂದು ಸುತ್ತು ಹಾಕಿ ಬಂದೆ. ಸ್ಟೇಷನ್‌ನಿಂದ ಹೊರಗೆ ಕಾಲಿಟ್ಟರೆ ಗಲ್ಲಿ ತುಂಬಾ ಹೊಗೆ, ಬೆಳ್ಳುಳ್ಳಿ, ಸೋಯಾ ಸಾಸ್ ಘಮ. ಟೇಬಲ್ ನಡುವೆ ಒಲೆ, ಮೇಲೆ ಜಾಲರಿ. ತೆಳ್ಳಗೆ ಹೆಚ್ಚಿದ ಮಾಂಸ ಹಾಕಿದ ತಕ್ಷಣ ಕೊಬ್ಬು ಕರಗಿ ಕೆಳಗೆ ಬಿದ್ದು ಉರಿ ಮೇಲೇಳುತ್ತೆ.

ನಾನು ಕೋಳಿ, ಕುರಿ ತಿಂತೀನಿ, ದನದ್ದು ತಿನ್ನಲ್ಲ. ಮೆನುವಿನಲ್ಲಿ ಮುಖ್ಯವಾದ ಕರುಬಿ (ಪಕ್ಕೆಲುಬಿನ ಮಾಂಸ), ಹರಾಮಿ (ಎದೆ-ಹೊಟ್ಟೆ ನಡುವಿನ ಪರದೆಯ ಮಾಂಸ), ನಾಲಿಗೆ ಎಲ್ಲ ದನದ್ದೇ. ಕೋಳಿ, ಸೀಗಡಿ, ಕುಂಬಳಕಾಯಿ, ಅಣಬೆ ಸಿಕ್ಕರೆ ನನಗೆ ಸಾಕು. ಆದ್ರೆ ಇಬ್ಬರಿಗೂ ಒಂದೇ ಜಾಲರಿ ಅಲ್ವಾ? ಕೇಳಿದ್ರೆ ಜಾಲರಿ ಬದಲಾಯಿಸಿ ಕೊಡ್ತಾರೆ ನಿಜ, ಬೇರೆ ಒಲೆ ಕೇಳಿದ್ರೆ ಕರೆದ ಸಹೋದ್ಯೋಗಿಗೆ ಬೇಜಾರಾಗುತ್ತಾ? ಅದ್ದಿಕೊಳ್ಳೋ ಸಾಸ್‌ನಲ್ಲಿ ದನದ ರಸ ಇರುತ್ತಾ? ಇಲ್ಲಾ ಮೊದಲೇ ಹೇಳಿ, ಕಡ್ಡಿಗೆ ಚುಚ್ಚಿ ಸುಡೋ ಕೋಳಿಯ ಯಾಕಿತೋರಿಗೋ, ಹೊಕ್ಕೈಡೊ ಕಡೆಯ ಕುರಿಮಾಂಸದ ಜಿಂಗಿಸುಕಾನ್‌ಗೋ ಹೋಗೋಣ ಅನ್ನೋದು ವಾಸಿಯಾ? ಜಪಾನ್‌ನಲ್ಲಿ ಇರೋರು, ಇದ್ದು ಬಂದೋರು ದಯವಿಟ್ಟು ಶುಕ್ರವಾರದೊಳಗೆ ತಿಳಿಸಿ.