ಮಳೆಗಾಲದಲ್ಲಿ ಗೋಸುಂಬೆ ಸೊರಗುತ್ತಿದೆ: ಸಾಕಿದವರು ಅನುಭವ ತಿಳಿಸಿ

ಕೇಳಿದವರು, ಹಾಸನ: ನಮ್ಮ ಮನೆಯಲ್ಲಿ ಒಂದೂವರೆ ವರ್ಷದ, ಯೆಮೆನ್ ಮೂಲದ ವೇಲ್ಡ್ ಜಾತಿಯ ಹೆಣ್ಣು ಗೋಸುಂಬೆಯಿದೆ. ಎರಡು ವಾರಗಳಿಂದ ಅದರ ಕಣ್ಣು ಗುಳಿಬಿದ್ದಿದೆ, ಬಟ್ಟಲಿನ ನೀರನ್ನು ಮುಟ್ಟುವುದಿಲ್ಲ, ಮಿಡತೆಯತ್ತ ನಾಲಿಗೆ ಚಾಚಿದರೂ ಗುರಿ ತಲುಪುವುದಿಲ್ಲ. ಏನು ಮಾಡಬೇಕೆಂದು ದಯವಿಟ್ಟು ತಿಳಿಸಿ.

ಮೂಡಿಗೆರೆಯಿಂದ: ಗೋಸುಂಬೆ ನಿಂತ ನೀರನ್ನು ಕುಡಿಯುವುದು ಅಪರೂಪ, ಎಲೆಯ ಮೇಲೆ ಜಾರುವ ಹನಿಯನ್ನು ಕಂಡರೆ ನೆಕ್ಕುತ್ತದೆ. ಬೆಳಿಗ್ಗೆ ದೀಪ ಹಾಕುವ ಮೊದಲು ಮತ್ತು ರಾತ್ರಿ ಆರಿಸಿದ ಮೇಲೆ ಸಣ್ಣಗೆ ನೀರು ಸಿಂಪಡಿಸಿ, ಹಗಲಿನಲ್ಲಿ ತೂತು ಮಾಡಿದ ಬಾಟಲಿಯಿಂದ ಎಲೆಗೆ ಹನಿ ಬೀಳುವಂತೆ ಕಟ್ಟಿ. ಹಿಕ್ಕೆಯೊಂದಿಗೆ ಬರುವ ಮೂತ್ರದ ಗಟ್ಟಿ ಭಾಗ ಬಿಳಿಯಾಗಿರಬೇಕು. ಗಾಢ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ನೀರು ಸಾಲುತ್ತಿಲ್ಲ.

ನಾಲಿಗೆಯ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು ಪಂಜರವನ್ನು ಗಾಜಿನ ಕಿಟಕಿಯ ಪಕ್ಕದಲ್ಲಿಟ್ಟು, ಅಷ್ಟು ಬೆಳಕು ಸಾಕೆಂದು ಒಂದು ಮಳೆಗಾಲ ಕಳೆದೆ. ದೇಹದಲ್ಲಿ ಡಿ3 ಜೀವಸತ್ವ ತಯಾರಾಗಿ ಕ್ಯಾಲ್ಸಿಯಂ ಹೀರಿಕೊಳ್ಳಲು ಬೇಕಾದ ಯುವಿಬಿ ಎಂಬ, ಬಿಸಿಲಿನಲ್ಲಿರುವ ನೇರಳಾತೀತ ಕಿರಣವನ್ನು ಕಿಟಕಿಯ ಗಾಜು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆಂಬುದು ನನಗೆ ತಿಳಿದಿರಲಿಲ್ಲ. ಜೊತೆಗೆ ಜುಲೈನಲ್ಲಿ ನಮ್ಮಲ್ಲಿ ಬಿಸಿಲೆಲ್ಲಿ? ಮೊದಲು ನಾಲಿಗೆ ಅರ್ಧ ದಾರಿಗೆ ಹೋಗಿ ಜೋತುಬೀಳತೊಡಗಿತು, ಅದನ್ನು ನಿಧಾನವಾಗಿ ಒಳಗೆಳೆದುಕೊಳ್ಳುತ್ತಿತ್ತು. ಆಮೇಲೆ ಬೆರಳಿನಿಂದ ಮೆಲ್ಲನೆ ಮುಟ್ಟಿದಾಗ ಕೆಳದವಡೆ ರಬ್ಬರಿನಂತೆ ಬಾಗಿತು. ವೈದ್ಯರ ಚಿಕಿತ್ಸೆಯಿಂದ ದವಡೆ ಗಟ್ಟಿಯಾಯಿತು, ಆದರೆ ಮುಂಗಾಲುಗಳು ಬಿಲ್ಲಿನಂತೆ ಬಾಗಿದ್ದು ಹಾಗೆಯೇ ಉಳಿಯಿತು. ಈಗ ಪಂಜರದ ಜಾಲರಿಯ ಮೇಲೆ ಯುವಿಬಿ ಟ್ಯೂಬ್‌ಲೈಟ್ ಇಟ್ಟಿದ್ದೇನೆ. ಬೆಳಕು ಚೆನ್ನಾಗಿದ್ದರೂ ಕಿರಣ ಕುಗ್ಗುವುದರಿಂದ ಆರು ತಿಂಗಳಿಂದ ವರ್ಷದೊಳಗೆ ಅದನ್ನು ಬದಲಿಸಬೇಕು. ಹುಳುಗಳಿಗೆ ರಂಜಕವಿಲ್ಲದ ಕ್ಯಾಲ್ಸಿಯಂ ಪುಡಿ ಸವರಿ ಕೊಡುತ್ತೇನೆ. ಡಿ3 ಇರುವ ಪುಡಿ ತಿಂಗಳಿಗೆ ಎರಡು ಬಾರಿ ಮಾತ್ರ, ಅತಿಯಾದರೆ ಅದೂ ತೊಂದರೆಯೇ. ಔಷಧಿ ಹೊಡೆದ ಕಾಫಿ ತೋಟದ ಮಿಡತೆಯನ್ನಂತೂ ಕೊಡಲೇಬೇಡಿ.

ಸಕಲೇಶಪುರದಿಂದ: ಇನ್ನೊಂದು ಮಾತು ಸೇರಿಸುತ್ತೇನೆ. ಚಳಿಯೆಂದು ಪಂಜರಕ್ಕೆ ಪ್ಲಾಸ್ಟಿಕ್ ಹೊದಿಸಬೇಡಿ. ನಾನು ಹೊದಿಸಿದ ಮೇಲೆ ಎಲೆಗಳು ದಿನವಿಡೀ ಒಣಗಲಿಲ್ಲ. ಕೆಲವೇ ದಿನಗಳಲ್ಲಿ ಪ್ರಾಣಿ ಮೂತಿಯನ್ನು ಮೇಲೆತ್ತಿ ಬಾಯಿ ತೆರೆದು ಉಸಿರಾಡತೊಡಗಿತು, ಉಸಿರಿನೊಂದಿಗೆ ಟಿಕ್ ಟಿಕ್ ಸದ್ದು ಬರುತ್ತಿತ್ತು. ಅದು ಶ್ವಾಸಕೋಶದ ಸೋಂಕು, ಮನೆಮದ್ದಿಗೆ ಬಗ್ಗುವುದಿಲ್ಲ. ಗಾಳಿ ಆಡಬೇಕು, ಎರಡು ಸಿಂಪಡಣೆಗಳ ನಡುವೆ ಪಂಜರ ಒಣಗಬೇಕು, ಬಿಸಿಲು ಕಾಯುವ ಕೊಂಬೆಯ ಬಳಿ 29–30 ಡಿಗ್ರಿ ಸೆಲ್ಸಿಯಸ್ ಇರಬೇಕು.

ಚಿಕ್ಕಮಗಳೂರಿನಿಂದ: ನಿಮ್ಮದು ಹೆಣ್ಣು ಎಂಬುದನ್ನು ಯಾರೂ ಗಮನಿಸಿದಂತಿಲ್ಲ. ಈ ಜಾತಿಯ ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆಯಿಡುತ್ತದೆ, ಅಗೆಯಲು ಜಾಗವಿಲ್ಲದಿದ್ದರೆ ಮೊಟ್ಟೆಗಳು ಹೊಟ್ಟೆಯಲ್ಲೇ ಸಿಲುಕಿಕೊಳ್ಳಬಹುದು. ಒಂದಡಿ ಆಳದ ಬಕೆಟ್ಟಿನಲ್ಲಿ, ತೋಡಿದ ಸುರಂಗ ಕುಸಿಯದಷ್ಟು ತೇವದ ಮರಳು ತುಂಬಿ ಇಂದೇ ಇಡಿ, ಇಣುಕಿ ನೋಡಿ ಅದನ್ನು ಹೆದರಿಸಬೇಡಿ. ಹೊಟ್ಟೆ ಉಬ್ಬಿ, ಕಣ್ಣು ಮುಚ್ಚಿಕೊಂಡು ನೆಲದಲ್ಲಿ ಕುಳಿತಿದ್ದರೆ ಮರಳಿಗಾಗಿ ಕಾಯದೆ ವೈದ್ಯರಲ್ಲಿಗೆ ಒಯ್ಯಿರಿ. ನಿಮ್ಮೂರಿನಲ್ಲೇ ಪಶುವೈದ್ಯಕೀಯ ಕಾಲೇಜಿದೆ; ಸರೀಸೃಪ ನೋಡುವವರು ಇದ್ದಾರೆಯೇ ಎಂದು ಮೊದಲು ಫೋನಿನಲ್ಲಿ ವಿಚಾರಿಸಿ, ಹೋಗುವಾಗ ಟ್ಯೂಬ್ ಕೊಂಡ ತಿಂಗಳನ್ನೂ ಕೊಡುತ್ತಿರುವ ಪುಡಿಗಳ ಡಬ್ಬಿಗಳನ್ನೂ ನೆನಪಿನಿಂದ ಜೊತೆಗಿಟ್ಟುಕೊಳ್ಳಿ.