ಮಂಡಗದ್ದೆಯಲ್ಲೂ ಮಸುಕು, ಆಗುಂಬೆಯಲ್ಲೂ ಮಸುಕು: ಲೆನ್ಸ್ ಕೆಟ್ಟಿದೆಯೇ?

ತುಂಗೆಯ_ದಡ:
ಎಲ್ಲರಿಗೂ ನಮಸ್ಕಾರ. ಕಳೆದ ಶನಿವಾರ, ಭಾನುವಾರಗಳನ್ನು ಹಕ್ಕಿಗಳ ಛಾಯಾಗ್ರಹಣಕ್ಕೆಂದೇ ಮೀಸಲಿಟ್ಟು, ಮೊದಲ ದಿನ ತುಂಗಾ ನದಿಯ ಮಂಡಗದ್ದೆ ಪಕ್ಷಿಧಾಮದಲ್ಲಿಯೂ ಮರುದಿನ ಬೆಳಗ್ಗೆ ಆಗುಂಬೆಯ ಸುತ್ತಲಿನ ಕಾಡಂಚಿನ ದಾರಿಗಳಲ್ಲಿಯೂ ಅಲೆದು ಬಂದೆ. ಮನೆಯಲ್ಲಿ ಕಂಪ್ಯೂಟರಿಗೆ ಹಾಕಿ ನೋಡಿದರೆ ತೃಪ್ತಿ ಕೊಡುವ ಚಿತ್ರಗಳು ಬೆರಳೆಣಿಕೆಯಷ್ಟೂ ಇಲ್ಲ. ನಡುಗಡ್ಡೆಯ ಮರಗಳ ಮೇಲೆ ಗೂಡು ಕಟ್ಟಿರುವ ಬೆಳ್ಳಕ್ಕಿಗಳ ಗರಿಗಳು ಹಿಂಜಿದ ಹತ್ತಿಯಂತೆ ಕಾಣುತ್ತಿವೆ. ಆಗುಂಬೆಯ ಮಂಗಟ್ಟೆಗೆ ಕಣ್ಣೇ ಇಲ್ಲವೇನೋ ಎನ್ನುವಂತಾಗಿದೆ. ಸರ್ವಿಸ್ ಕೇಂದ್ರಕ್ಕೆ ಒಯ್ದು ತೋರಿಸಿದರೆ ಲೆನ್ಸಿನಲ್ಲಿ ಯಾವ ದೋಷವೂ ಇಲ್ಲವೆಂದು ಹೇಳಿ, ಪರೀಕ್ಷೆಯ ಶುಲ್ಕವನ್ನು ಮಾತ್ರ ತಪ್ಪದೆ ಪಡೆದರು. ಸೆಟ್ಟಿಂಗುಗಳೆಲ್ಲ ಎಂದಿನಂತೆಯೇ ಇದ್ದವು. ಈ ಲೆನ್ಸನ್ನು ಮಾರಿಬಿಡುವುದೇ ಲೇಸೇ?

ಸೊಪ್ಪಿನಬೆಟ್ಟ:
ಎಂದಿನಂತೆ ಎಂದರೆ ಹೇಗೆಂದು ನಮಗೆ ತಿಳಿಯುವುದಾದರೂ ಹೇಗೆ, ಸರ್? ಕ್ಯಾಮೆರಾ ಯಾವುದು, ಲೆನ್ಸ್ ಯಾವುದು, ಶಟರ್ ವೇಗ ಎಷ್ಟು ಎಂಬುದನ್ನು ದಯವಿಟ್ಟು ತಿಳಿಸಿ. ನನ್ನ ಅನುಮಾನವಂತೂ ಶಟರ್ ವೇಗದ ಮೇಲೆಯೇ. ಮಳೆಗಾಲದ ಮಂದ ಬೆಳಕಿನಲ್ಲಿ ನಾಯ್ಸ್‌ಗೆ (ಚಿತ್ರದಲ್ಲಿ ಕಾಣುವ ಕಾಳುಗಳಿಗೆ) ಹೆದರಿ ಐಎಸ್‌ಒವನ್ನು (ಸೆನ್ಸರಿನ ಬೆಳಕಿನ ಸಂವೇದನೆಯನ್ನು) 400ರಲ್ಲೇ ಇಟ್ಟುಕೊಂಡು, 1/250 ಸೆಕೆಂಡಿನಲ್ಲಿ ಕೈಯಲ್ಲೇ ಹಿಡಿದು ತೆಗೆಯುವವರು ಅನೇಕರಿದ್ದಾರೆ. ಕ್ರಾಪ್ ಸೆನ್ಸರಿನಲ್ಲಿ, ಅಂದರೆ ಪೂರ್ಣ ಅಳತೆಗಿಂತ ಚಿಕ್ಕ ಸೆನ್ಸರಿನಲ್ಲಿ, 600 ಮಿ.ಮೀ. ಲೆನ್ಸ್ ಸುಮಾರು 900 ಮಿ.ಮೀ.ನಷ್ಟು ಕಿರಿದಾದ ನೋಟವನ್ನು ಕೊಡುವುದರಿಂದ 1/1000ಕ್ಕಿಂತ ಕೆಳಗಿಳಿದರೆ ಅಲುಗಾಟ ಕಂಡೇ ಕಾಣುತ್ತದೆ. ಸ್ಟೆಬಿಲೈಸರ್ ನಿಮ್ಮ ಕೈಯ ನಡುಕವನ್ನು ತಡೆಯಬಹುದೇ ಹೊರತು ಹಕ್ಕಿ ಕತ್ತು ತಿರುಗಿಸುವುದನ್ನಲ್ಲ.

ತುಂಗೆಯ_ದಡ:
150–600 ಮಿ.ಮೀ. ಝೂಮ್, ಕ್ರಾಪ್ ಸೆನ್ಸರಿನ ಡಿಎಸ್‌ಎಲ್‌ಆರ್. ಎರಡೂ ದಿನ ಶಟರ್ 1/1600, ಅಪರ್ಚರ್ (ಬೆಳಕಿನ ಕಿಂಡಿ) ಎಫ್/6.3, ಐಎಸ್‌ಒ 1600ರಿಂದ 3200ರವರೆಗೆ. ಅಲುಗಾಟವಂತೂ ಖಂಡಿತ ಅಲ್ಲ.

ಅಡಕೆತೋಟ:
ಲೆನ್ಸಿನ ಮುಂದೆ ಯುವಿ ಫಿಲ್ಟರ್ ಇದೆಯೆಂದು ಭಾವಿಸುತ್ತೇನೆ. ಅಗ್ಗದ ಗಾಜನ್ನು ಉದ್ದ ಲೆನ್ಸಿಗೆ ತಿರುಗಿಸಿದರೆ ಹೀಗೆಯೇ ಆಗುವುದು. ಮೊದಲು ಅದನ್ನು ತೆಗೆಯಿರಿ.

ಸೊಪ್ಪಿನಬೆಟ್ಟ:
ಫಿಲ್ಟರ್ ಇದೆಯೆಂದು ಅವರು ಎಲ್ಲಿಯೂ ಹೇಳಿಲ್ಲ. ಇದ್ದರೂ ತಪ್ಪೇನು? ಆಗುಂಬೆಯ ಮಳೆಯಲ್ಲಿ ಮುಂದಿನ ಗಾಜನ್ನು ದಿನವಿಡೀ ಒರೆಸುತ್ತಾ ಗೀರು ಮಾಡಿಕೊಳ್ಳುವುದಕ್ಕಿಂತ ಫಿಲ್ಟರ್ ಒರೆಸುವುದು ಮೇಲು.

ಅಡಕೆತೋಟ:
ಮಳೆಹನಿಯನ್ನು ತಡೆಯಲು ಹುಡ್ ಇದೆ, ಸರ್. ನಾನು 600 ಎಫ್/4 ಪ್ರೈಮ್ (ಝೂಮ್ ಇಲ್ಲದ) ಲೆನ್ಸನ್ನು ಗಿಂಬಲ್ ಹೆಡ್ ಎಂಬ ಟ್ರೈಪಾಡ್ ತಲೆಯ ಮೇಲೆ ಕೂರಿಸಿ ಗುಡವಿ ಪಕ್ಷಿಧಾಮದಲ್ಲಿ ಕೆಂಬರಲುಗಳನ್ನು ತೆಗೆಯುತ್ತೇನೆ. ಫಿಲ್ಟರ್ ಎಂಬುದನ್ನು ಇಂದಿನವರೆಗೂ ಬಳಸಿಲ್ಲ. ಒಂದೊಂದು ಗರಿಯನ್ನೂ ಎಣಿಸಬಹುದು. ಬೇಕಿದ್ದರೆ ಚಿತ್ರಗಳನ್ನು ಹಾಕುತ್ತೇನೆ.

ತುಂಗೆಯ_ದಡ:
ಫಿಲ್ಟರ್ ಇಲ್ಲ. ಹುಡ್ ಇತ್ತು.

ಅಡಕೆತೋಟ:
ಹಾಗಿದ್ದರೆ ಹಿಂದೆಂದೋ ಇದ್ದ ಫಿಲ್ಟರಿನ ಒಳಗೆ ತೇವ ನಿಂತು ಮುಂದಿನ ಗಾಜಿಗೆ ಫಂಗಸ್ ಹಿಡಿದಿರಬೇಕು. ಇಲ್ಲವೇ ಫೋಕಸ್ ಹಿಂದೆ ಮುಂದೆ ಆಗಿರಬೇಕು, ಆಟೋಫೋಕಸ್ ಫೈನ್ ಟ್ಯೂನ್ ಮಾಡಿ (ಫೋಕಸ್ ಬೀಳುವ ಜಾಗವನ್ನು ಕ್ಯಾಮೆರಾದಲ್ಲೇ ತುಸು ಸರಿಪಡಿಸಿ) ನೋಡಿ. ಮಿರರ್‌ಲೆಸ್‌ಗೆ ಬದಲಾಯಿಸಿದರೆ ಆ ತಲೆನೋವೂ ಇರುವುದಿಲ್ಲ.

ಕಾನುಹಾದಿ:
ಫೋಕಸ್ ತಪ್ಪಿದ್ದರೆ ಹಕ್ಕಿಯ ಮುಂದಿನ ಅಥವಾ ಹಿಂದಿನ ಯಾವುದಾದರೊಂದು ಎಲೆ, ರೆಂಬೆ ಸ್ಪಷ್ಟವಾಗಿ ಬಂದಿರಲೇಬೇಕು. ಅಂಥದ್ದೇನಾದರೂ ಇದೆಯೇ? ಇನ್ನು ಮೂರು ವಿಷಯಗಳನ್ನು ತಿಳಿಸಿ. ಎರಡೂ ದಿನಗಳ ಮಸುಕು ಒಂದೇ ಬಗೆಯದೇ? ಆಗುಂಬೆಯ ಚಿತ್ರಗಳನ್ನು ತೆಗೆದ ಹೊತ್ತಿನ ಪ್ರಕಾರ ಜೋಡಿಸಿದರೆ ಮೊದಲಿನವು ಹೆಚ್ಚು ಕೆಟ್ಟಿವೆಯೇ? ಪ್ರಯಾಣದಲ್ಲಿ ಕ್ಯಾಮೆರಾ ಚೀಲ ಎಲ್ಲಿತ್ತು, ಲೆನ್ಸನ್ನು ಯಾವುದರ ಮೇಲೆ ಊರಿ ತೆಗೆದಿರಿ?

ತುಂಗೆಯ_ದಡ:
ಇವೆಲ್ಲ ಮುಖ್ಯವೆಂದು ನನಗೆ ತೋರಿರಲಿಲ್ಲ, ಮೇಡಂ. ಸ್ಪಷ್ಟವಾಗಿರುವ ಎಲೆ ಯಾವ ಚಿತ್ರದಲ್ಲೂ ಇಲ್ಲ. ಭಾನುವಾರದ ಚಿತ್ರಗಳಲ್ಲಿ ಹಾಲು ಬೆರೆಸಿದ ನೀರಿನ ಛಾಯೆಯಿದೆ, ಕಪ್ಪು ಕಪ್ಪಾಗಿಲ್ಲ. ಆರೂವರೆಯವು ತೀರಾ ಕೆಟ್ಟಿವೆ, ಏಳೂವರೆಯ ನಂತರದವು ವಾಸಿ. ಹೊರಗೆ ಬಿಡದೆ ಮಳೆ ಸುರಿದು ಕಾರಿನ ಗಾಜು ಮಂಜಾಗುತ್ತಿದ್ದುದರಿಂದ ಏಸಿ ಹಾಕಿಕೊಂಡೇ ಹೋಗಿದ್ದೆ. ಚೀಲವನ್ನು ಮುಂದಿನ ಸೀಟಿನ ಕೆಳಗೆ, ಗಾಳಿ ಬೀಸುವ ಜಾಗದಲ್ಲಿ ಇಟ್ಟಿದ್ದೆ. ಶನಿವಾರದವುಗಳಲ್ಲಿ ಹಾಲಿನ ಛಾಯೆಯಿಲ್ಲ. ಒಂದೇ ಬರ್ಸ್ಟಿನ (ಗುಂಡಿ ಒತ್ತಿಹಿಡಿದು ಸತತವಾಗಿ ತೆಗೆದ) ಚಿತ್ರಗಳನ್ನು ಒಂದರ ಹಿಂದೊಂದು ನೋಡಿದರೆ ಕೊಕ್ಕಿನ ಅಂಚು ನೀರೊಳಗಿನ ಕಡ್ಡಿಯ ಹಾಗೆ ಬಳುಕುತ್ತದೆ. ಅಂದು ಮಳೆ ಬಿಟ್ಟಿತ್ತು. ಶಿವಮೊಗ್ಗದಿಂದ ಹೋದವನು ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ, ಬಾನೆಟ್ ಮೇಲೆ ಅಕ್ಕಿ ತುಂಬಿದ ಚೀಲವಿಟ್ಟು ಅದರ ಮೇಲೆ ಲೆನ್ಸ್ ಊರಿದ್ದೆ.

ಕಾನುಹಾದಿ:
ಹಾಗಾದರೆ ಇವು ಎರಡು ಬೇರೆ ಬೇರೆ ತೊಂದರೆಗಳು, ಲೆನ್ಸನ್ನು ಮಾರುವ ಅಗತ್ಯವಿಲ್ಲ. ಶಿವಮೊಗ್ಗದಿಂದ ಮಂಡಗದ್ದೆಗೆ ಸುಮಾರು 30 ಕಿ.ಮೀ. ಓಡಿದ ಎಂಜಿನ್ ಬಾನೆಟ್ಟಿನ ಕೆಳಗೆ ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ. ಅದರಿಂದ ಮೇಲೇಳುವ ಬಿಸಿಗಾಳಿ ಹೊಳೆಯ ತಂಪುಗಾಳಿಯೊಡನೆ ಬೆರೆಯುವುದು ಸರಿಯಾಗಿ ನಿಮ್ಮ ಲೆನ್ಸಿನ ಮುಂದೆಯೇ. ಆ ಗಾಳಿಯ ಸಾಂದ್ರತೆ ಕ್ಷಣಕ್ಕೊಂದು ಬಗೆಯಾಗಿ ಬದಲಾಗುವುದರಿಂದ ಬೆಳಕು ಬಾಗುತ್ತದೆ, 600 ಮಿ.ಮೀ.ನಲ್ಲಿ ಆ ಬಾಗು ಹಿಗ್ಗಿ ಕಾಣುತ್ತದೆ. ಶಟರ್ ವೇಗವನ್ನು 1/4000ಕ್ಕೆ ಏರಿಸಿದರೂ ಇದು ಹೋಗುವುದಿಲ್ಲ. ಕಾರಿನಿಂದ ದೂರ ಸರಿದು ಟ್ರೈಪಾಡ್ ಹಾಕಿ, ಇಲ್ಲವೇ ಬೆಳಗಿನ ಹೊತ್ತು ವೀಕ್ಷಣಾ ಗೋಪುರದಿಂದ ತೆಗೆಯಿರಿ.

ಆಗುಂಬೆಯದು ಇಬ್ಬನಿಯ ತೊಂದರೆ. ಮಳೆಗಾಲದ ಮುಂಜಾನೆ ಅಲ್ಲಿನ ಗಾಳಿ 22 ಡಿಗ್ರಿಯಿದ್ದು ತೇವಾಂಶ ಶೇ. 95ರಷ್ಟಿದ್ದರೆ, 21 ಡಿಗ್ರಿಗಿಂತ ತಣ್ಣಗಿರುವ ಯಾವ ಗಾಜಿನ ಮೇಲೂ ನೀರು ಕೂರುತ್ತದೆ. ಏಸಿಯ ಗಾಳಿಗೆ ಸಿಕ್ಕ ಲೆನ್ಸ್ ಅದಕ್ಕಿಂತ ಎಷ್ಟೋ ತಣ್ಣಗಾಗಿರುತ್ತದೆ. ಕೆಳಗಿಳಿದೊಡನೆ ಚೀಲ ತೆರೆದರೆ ಮುಂದಿನ ಗಾಜು ಮಾತ್ರವಲ್ಲ, ಝೂಮ್ ಎಳೆದಾಗ ಒಳಗೆ ಹೊಕ್ಕ ತೇವದ ಗಾಳಿಯಿಂದ ಒಳಗಿನ ಗಾಜುಗಳೂ ಮಂಜಾಗುತ್ತವೆ; ಅದನ್ನು ಬಟ್ಟೆಯಿಂದ ಒರೆಸಲಾಗದು. ಚೀಲವನ್ನು ಡಿಕ್ಕಿಯಲ್ಲಿಡಿ, ತಲುಪುವುದಕ್ಕೆ ಅರ್ಧ ಗಂಟೆ ಮೊದಲೇ ಏಸಿ ನಿಲ್ಲಿಸಿ, ಜಿಪ್ ಮುಚ್ಚಿಯೇ ಇಟ್ಟು ಲೆನ್ಸ್ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಡಿ. ಅಂದಹಾಗೆ, ಮಳೆಗಾಲದಲ್ಲಿ ಅಕ್ಕಿಯ ಚೀಲ ಮುಗ್ಗಲು ಹಿಡಿಯುತ್ತದೆ, ಒಮ್ಮೆ ಬಿಚ್ಚಿ ನೋಡಿ.

ಅಡಕೆತೋಟ:
ಇಬ್ಬನಿಯೇ ಮುಂದೆ ಫಂಗಸ್ ಆಗುವುದು. ನಾನು ಹೇಳಿದ್ದೂ ಅದನ್ನೇ.

ಸೊಪ್ಪಿನಬೆಟ್ಟ:
ನೀವು ಹೇಳಿದ್ದು ಫಿಲ್ಟರ್ ಎಂದು.

ತುಂಗೆಯ_ದಡ:
ಮತ್ತೆ ಮಂಡಗದ್ದೆಗೆ ಹೋಗಿ, ಕಾರನ್ನು ಅತ್ತ ಬಿಟ್ಟು ಟ್ರೈಪಾಡ್ ಮೇಲೆ ತೆಗೆದೆ. ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದ ಹಾವಕ್ಕಿಯ ಬೆನ್ನಿನ ಬೆಳ್ಳಿಗೀರುಗಳು ಈಗ ಬಿಡಿಬಿಡಿಯಾಗಿ ಕಾಣುತ್ತಿವೆ. ಆದರೆ 600ರಲ್ಲಿ ಚೌಕಟ್ಟಿನ ಬಲ ಅಂಚು ಎಡಕ್ಕಿಂತ ಮೆತ್ತಗಿದೆ. ಸರ್ವಿಸ್ ಕೇಂದ್ರದವರ ಮಾತನ್ನು ನಾನಿನ್ನೂ ಪೂರ್ತಿ ನಂಬಿಲ್ಲ.

ಕಾನುಹಾದಿ:
ಅದು ಮೂರನೆಯ ವಿಷಯವಾಯಿತು. ಗಿಲಾವು ಮಾಡದ ಜಂಬಿಟ್ಟಿಗೆಯ ಗೋಡೆಯೊಂದಕ್ಕೆ ನೇರ ಎದುರಾಗಿ ಟ್ರೈಪಾಡ್ ನಿಲ್ಲಿಸಿ, ಸ್ಟೆಬಿಲೈಸರ್ ಆರಿಸಿ, ಎಫ್/6.3 ಮತ್ತು ಎಫ್/8ರಲ್ಲಿ ಒಂದೊಂದು ಚಿತ್ರ ತೆಗೆಯಿರಿ; ಬಳಿಕ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಅವನ್ನೇ ಮತ್ತೊಮ್ಮೆ ತೆಗೆಯಿರಿ. ಮೆತ್ತಗಿನ ಅಂಚು ಗೋಡೆಯ ಅದೇ ಬದಿಯಲ್ಲಿ ಉಳಿದರೆ ನೀವು ಗೋಡೆಗೆ ಓರೆಯಾಗಿ ನಿಂತಿದ್ದೀರಿ ಎಂದರ್ಥ. ಆ ಅಂಚು ಗೋಡೆಯ ಇನ್ನೊಂದು ಬದಿಗೆ ಹೋದರೆ ದೋಷ ನಿಮ್ಮ ಉಪಕರಣದಲ್ಲೇ ಇದೆ. ನಾಲ್ಕೂ ಚಿತ್ರಗಳನ್ನು ಕುಗ್ಗಿಸದೆ ಇಲ್ಲಿ ಹಾಕಿ.