ಸಹಾಯ ಬೇಕು: ಬರಹಕ್ಕೆ ಹೆಸರಿಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಹಳೇ ದೇವಸ್ಥಾನಗಳ ಬಗ್ಗೆ ಆನ್‌ಲೈನ್‌ನಲ್ಲಿ ಬರೀತೀನಿ. ಬರೆಯೋದು ಕಷ್ಟ ಅಲ್ಲ, ಶೀರ್ಷಿಕೆ ಇಡೋದೇ ತಲೆನೋವು.

ಕಳೆದ ಸಲ ಸೋಮನಾಥಪುರದ ಬಗ್ಗೆ ಬರೆದು 'ಸೋಮನಾಥಪುರ: ಒಂದು ಅವಲೋಕನ' ಅಂತ ಹೆಸರಿಟ್ಟೆ. ಓದಿದವರು ನಮ್ಮ ಮನೆಯವರು ಮತ್ತು ಇಬ್ಬರು ಸ್ನೇಹಿತರು, ಅಷ್ಟೇ. ಆಮೇಲೆ ಒಬ್ಬ ಗೆಳೆಯನ ಮಾತು ಕೇಳಿ 'ಈ ದೇವಸ್ಥಾನದ ರಹಸ್ಯ ಕೇಳಿದ್ರೆ ಬೆಚ್ಚಿಬೀಳ್ತೀರಿ!' ಅಂತ ಬದಲಾಯಿಸಿದೆ. ಜನ ಬಂದರು, ಆದರೆ 'ರಹಸ್ಯ ಎಲ್ಲಿದೆ ಸ್ವಾಮಿ?' ಅಂತ ಬೈದು ಹೋದರು. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ ಬಿಡಿ, ಒಳಗೆ ರಹಸ್ಯ ಇರಲೇ ಇಲ್ಲ.

ನಿಜಕ್ಕೂ ಒಳಗಿದ್ದದ್ದು ಬೇರೆ ವಿಷಯ. 13ನೇ ಶತಮಾನದ ಆ ಹೊಯ್ಸಳ ಗುಡಿಯಲ್ಲಿ ಶಿಲ್ಪಿಗಳು ತಮ್ಮ ಮೂರ್ತಿಗಳ ಕೆಳಗೆ ಹೆಸರು ಕೆತ್ತಿದ್ದಾರೆ, ಅದರಲ್ಲಿ ಮಲ್ಲಿತಮ್ಮ ಅನ್ನೋ ಹೆಸರು ಮತ್ತೆ ಮತ್ತೆ ಸಿಗುತ್ತದೆ. ನನಗೆ ಅದೇ ದೊಡ್ಡ ಕುತೂಹಲ. ಈಗ 'ಕಲ್ಲಿನ ಮೇಲೆ ಸಹಿ ಹಾಕಿದ ಮಲ್ಲಿತಮ್ಮ' ಅಂತ ಇಡೋಣ ಅನ್ನಿಸುತ್ತಿದೆ. ಆದರೆ ಗೂಗಲ್‌ನಲ್ಲಿ ಜನ ಹುಡುಕೋದು ಊರಿನ ಹೆಸರನ್ನ, ಮಲ್ಲಿತಮ್ಮನನ್ನ ಅಲ್ಲ ಅಲ್ವಾ? ಎರಡನ್ನೂ ಸೇರಿಸಿದರೆ ರೈಲಿನ ಹಾಗೆ ಉದ್ದ ಆಗುತ್ತದೆ, ಫೋನ್‌ನಲ್ಲಿ ಅರ್ಧಕ್ಕೇ ಕತ್ತರಿಸಿ ಮೂರು ಚುಕ್ಕಿ ತೋರಿಸುತ್ತದೆ.

ನೀವೆಲ್ಲ ಏನು ಮಾಡ್ತೀರಿ? ಊರಿನ ಹೆಸರು ಮೊದಲೇ ಬರಬೇಕಾ? 'ಕೆತ್ತಿದ್ದು ಯಾರು?' ಅಂತ ಪ್ರಶ್ನೆ ಹಾಕಿದರೆ ಓದ್ತಾರಾ, ಅಥವಾ ಅದೂ ಸವಕಲಾಗಿದೆಯಾ? ಹೆಸರು ಮೊದಲು ಇಟ್ಟು ಆಮೇಲೆ ಬರೀತೀರಾ, ಬರೆದು ಮುಗಿಸಿದ ಮೇಲಾ? ಸುಮ್ನೆ 'ಚೆನ್ನಾಗಿದೆ' ಅನ್ನಬೇಡಿ, ನೀವೇ ಇಟ್ಟ ಒಂದೆರಡು ಶೀರ್ಷಿಕೆ ಹಾಕಿ, ಓಡದೇ ಇದ್ದದ್ದನ್ನೂ ಹಾಕಿ. ಭಾನುವಾರದೊಳಗೆ ಹೇಳಿದರೆ ಅವತ್ತೇ ಬದಲಾಯಿಸ್ತೀನಿ.